ಸೈಕೋ, ಜಾಸ್, ಪಥೇರ್ ಪಾಂಚಾಲಿ, ಚೋಮನ ದುಡಿ: ಹಿನ್ನೆಲೆ ಸಂಗೀತದಲ್ಲಿ ಯಾವುದು ಮೇಲು?

ಯಾವ ಸಿನಿಮಾದ ಹಿನ್ನೆಲೆ ಸಂಗೀತ ಎಲ್ಲಕ್ಕಿಂತ ಮೇಲು ಎಂಬ ವಾದ ಒಮ್ಮೆ ಶುರುವಾದರೆ ಬೇಗ ಮುಗಿಯುವುದಿಲ್ಲ. ಒಬ್ಬರು ಇಳಯರಾಜ ಅನ್ನುತ್ತಾರೆ, ಇನ್ನೊಬ್ಬರು ‘ಜಾಸ್’ಗೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಅನ್ನುತ್ತಾರೆ, ಮತ್ತೊಬ್ಬರು ‘ಕಾಂತಾರ’ದ ಕೊನೆಯ ಇಪ್ಪತ್ತು ನಿಮಿಷದ ಮುಂದೆ ಬೇರೆ ಯಾವುದೂ ಇಲ್ಲ ಅನ್ನುತ್ತಾರೆ. ಅಭಿರುಚಿ ಬೇರೆ ಬೇರೆ ಇರುವುದು ಸಹಜ. ಆದರೆ ವಾದ ಹರಿಯದಿರುವುದಕ್ಕೆ ಅದಕ್ಕಿಂತ ದೊಡ್ಡ ಕಾರಣ ಇದೆ. ಒಬ್ಬರು ಹಾಡಿನ ಬಗ್ಗೆ ಮಾತಾಡುತ್ತಿರುತ್ತಾರೆ, ಒಬ್ಬರು ಥೀಮ್ ಟ್ಯೂನ್ ಬಗ್ಗೆ, ಇನ್ನೊಬ್ಬರು ಫೋನಿನಲ್ಲಿ ಕೇಳಿದ ಆಲ್ಬಮ್ ಬಗ್ಗೆ. ಸಿನಿಮಾದೊಳಗೆ ಚಿತ್ರದ ಜೊತೆ ಕೂತ ಸಂಗೀತವನ್ನು ಅಕ್ಕಪಕ್ಕ ಇಟ್ಟು ನೋಡಿದವರು ಕಡಿಮೆ.

ಆಲ್ಬಮ್ ಕೇಳಿ ತೀರ್ಪು ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಎರಡು ಉದಾಹರಣೆ ಸಾಕು. 1975ರ ‘ಜಾಸ್’ ಸಿನಿಮಾದ ಜೊತೆ ಬಂದ ಎಲ್‌ಪಿ ತಟ್ಟೆಯಲ್ಲಿರುವುದು ಸಿನಿಮಾದಲ್ಲಿ ಕೇಳುವ ಸಂಗೀತವೇ ಅಲ್ಲ. ಆಲ್ಬಮ್‌ಗೆಂದೇ ಮತ್ತೊಮ್ಮೆ ನುಡಿಸಿ ಮುದ್ರಿಸಿದ್ದು ಅದು. ಸಿನಿಮಾಕ್ಕೆ ನುಡಿಸಿದ ಮೂಲ ಹೊರಬಂದದ್ದು ಎಷ್ಟೋ ವರ್ಷಗಳ ನಂತರ. 1960ರ ‘ಸೈಕೋ’ ಸಂಗೀತವನ್ನು ಅದರ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಅವರೇ 1975ರಲ್ಲಿ ಇನ್ನೊಂದು ವಾದ್ಯವೃಂದದಿಂದ ನುಡಿಸಿ ಮುದ್ರಿಸಿದರು. ಅದರ ನಡೆ ಸಿನಿಮಾದಲ್ಲಿರುವುದಕ್ಕಿಂತ ಸ್ಪಷ್ಟವಾಗಿ ನಿಧಾನ. ಅದನ್ನು ಮಾತ್ರ ಕೇಳಿದವರು ‘ಸೈಕೋ’ ಸಂಗೀತ ಭಾರವಾಗಿದೆ ಅನ್ನುತ್ತಾರೆ. ಸಿನಿಮಾದಲ್ಲಿ ಅದು ಓಡುತ್ತದೆ.

ನೋಡುವ ಪ್ರತಿಯಲ್ಲೂ ಮೋಸ ಇದೆ. ನಮ್ಮಲ್ಲಿ ಬಂದ ಹಳೆಯ ವಿಸಿಡಿ, ಡಿವಿಡಿಗಳು ಬಹುಪಾಲು ಪಾಲ್ ಪದ್ಧತಿಯವು, ಅಂದರೆ ಸೆಕೆಂಡಿಗೆ 25 ಫ್ರೇಮ್. ಸಿನಿಮಾ ತೆಗೆದದ್ದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ. ಹಾಗಾಗಿ ಡಿಸ್ಕಿನಲ್ಲಿ ಸಿನಿಮಾ ಶೇಕಡ 4ರಷ್ಟು ಬೇಗ ಓಡುತ್ತದೆ. 124 ನಿಮಿಷದ ‘ಜಾಸ್’ 119 ನಿಮಿಷಕ್ಕೇ ಮುಗಿಯುತ್ತದೆ. ಸಮಯ ಮಾತ್ರ ಹೋದರೆ ಚಿಂತೆ ಇರಲಿಲ್ಲ, ಶ್ರುತಿಯೂ ಏರುತ್ತದೆ. ಡಿಸ್ಕ್ ಮಾಡುವವರು ಸರಿಪಡಿಸದೆ ಬಿಟ್ಟಿದ್ದರೆ ಒಂದು ಸ್ವರಸ್ಥಾನದ, ಅಂದರೆ ಹಾರ್ಮೋನಿಯಂನ ಒಂದು ಮನೆಯ, ಸುಮಾರು ಶೇಕಡ 70ರಷ್ಟು ಮೇಲೆ ಹೋಗಿರುತ್ತದೆ. ತಗ್ಗಿನ ಚೆಲ್ಲೊ, ಡಬಲ್ ಬೇಸ್‌ಗಳ ಗಾತ್ರವೇ ಇದರಿಂದ ಕಿರಿದಾಗುತ್ತದೆ. ಹೋಲಿಸುವಾಗ ಎರಡೂ ಸಿನಿಮಾ ಬ್ಲೂ-ರೇ ಅಥವಾ 24 ಫ್ರೇಮ್‌ನ ಸ್ಟ್ರೀಮಿಂಗ್ ಪ್ರತಿಯಾಗಿರಲಿ. ಒಂದು ಡಿವಿಡಿ, ಇನ್ನೊಂದು ಸ್ಟ್ರೀಮಿಂಗ್ ಆದರೆ ಹೋಲಿಕೆ ಅಲ್ಲೇ ಕೆಟ್ಟಿತು.

ಟಿವಿಯ ಸೆಟ್ಟಿಂಗ್ ಇನ್ನೊಂದು ತೊಂದರೆ. ರಾತ್ರಿ ಹೊತ್ತು ಪಕ್ಕದ ಮನೆಯವರಿಗೆ ಕೇಳದಿರಲಿ ಎಂದು ಹಾಕುವ ನೈಟ್ ಮೋಡ್ ಸಣ್ಣ ಸದ್ದನ್ನು ಎತ್ತುತ್ತದೆ, ದೊಡ್ಡದನ್ನು ಅಮುಕುತ್ತದೆ. ಪಿಸುಮಾತೂ ಕೂಗೂ ಒಂದೇ ಮಟ್ಟಕ್ಕೆ ಬಂದಮೇಲೆ ಹಿನ್ನೆಲೆ ಸಂಗೀತ ಮೆಲ್ಲಗೆ ಶುರುವಾದ ಜಾಗ ಗೊತ್ತೇ ಆಗುವುದಿಲ್ಲ. ಅದನ್ನು ತೆಗೆಯಿರಿ. ಎರಡೇ ಸ್ಪೀಕರಿನ ಟಿವಿಯಾದರೆ ಆಡಿಯೋ ಆಯ್ಕೆಯಲ್ಲಿ ಆರು ಚಾನೆಲ್‌ನ 5.1 ಬಿಟ್ಟು ಸ್ಟೀರಿಯೋ ಇಡಿ. 5.1ರಲ್ಲಿ ಮಾತು ಮುಖ್ಯವಾಗಿ ನಡುವಿನ ಚಾನೆಲ್‌ನಲ್ಲಿರುತ್ತದೆ. ಅದನ್ನು ಎರಡು ಸ್ಪೀಕರಿಗೆ ಇಳಿಸುವಾಗ ಹಾಳತ ತಪ್ಪಿದರೆ ಮಾತು ಹಿಂದೆ ಸರಿದು ಸಂಗೀತ ಮೈಮೇಲೆ ಬರುತ್ತದೆ, ಬೈಗುಳ ಮಾತ್ರ ಸಂಗೀತ ನಿರ್ದೇಶಕರಿಗೆ ಬೀಳುತ್ತದೆ. ಸಾಧಾರಣ ವೈರಿನ ಹೆಡ್‌ಫೋನ್ ಸಾಕು.

ಇನ್ನು ಅಳೆಯುವುದು. ಇಡೀ ಸಿನಿಮಾ ಒಂದೇ ಸಲ ಬೇಡ, ಒಂದು ರೀಲಿನಷ್ಟು ತೆಗೆದುಕೊಳ್ಳಿ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ, ಸಾವಿರ ಅಡಿಯ ರೀಲಿಗೆ ಸುಮಾರು 11 ನಿಮಿಷ. ರೀ-ರೆಕಾರ್ಡಿಂಗ್, ಅಂದರೆ ಗಾಂಧಿನಗರದ ಬಾಯಲ್ಲಿ ಆರ್‌ಆರ್, ದಶಕಗಟ್ಟಲೆ ನಡೆದದ್ದು ಇದೇ ಅಳತೆಯಲ್ಲಿ, ರೀಲು ರೀಲಾಗಿ. ಆ 11 ನಿಮಿಷವನ್ನು ಮೂರು ಸಲ ನೋಡಬೇಕು. ಮೊದಲು ಎಂದಿನ ಹಾಗೆ. ಎರಡನೆಯ ಸಲ ಸದ್ದು ಪೂರ್ತಿ ಆರಿಸಿ. ಮೂರನೆಯ ಸಲ ಕಣ್ಣು ಮುಚ್ಚಿ, ಕಿವಿ ಮಾತ್ರ ತೆರೆದು. ಕೈಯಲ್ಲೊಂದು ಕಾಗದ, ನಾಲ್ಕು ಕಲಂ: ಸಂಗೀತ ಶುರುವಾದ ಸಮಯ, ಆ ಕ್ಷಣ ಪರದೆಯ ಮೇಲೆ ಏನಿತ್ತು, ನಿಂತ ಸಮಯ, ನಿಂತ ಮೇಲೆ ಏನು ಕೇಳಿತು. ಕೊನೆಯ ಕಲಂ ಬಿಡಬೇಡಿ. ಒಳ್ಳೆಯ ಹಿನ್ನೆಲೆ ಸಂಗೀತ ಪತ್ತೆಯಾಗುವುದು ಹೆಚ್ಚಾಗಿ ಅಲ್ಲೇ.

ನಾನು ತೂಗುವುದು ಒಂದೇ ಪ್ರಶ್ನೆಯಿಂದ: ಚಿತ್ರ ತಾನಾಗಿ ಹೇಳಲಾರದ್ದನ್ನು ಸಂಗೀತ ಹೇಳಿತೇ? ನಾಯಕಿ ಅಳುತ್ತಿದ್ದಾಳೆ, ಪಿಟೀಲೂ ಅಳುತ್ತದೆ. ವಿಲನ್ ಬಂದ, ಡ್ರಮ್ಮೂ ಬಂತು. ಇದು ಒಂದೇ ಮಾತನ್ನು ಎರಡು ಸಲ ಆಡಿದ ಹಾಗೆ. ನುಡಿಸಿದ್ದು ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಕಡಿಮೆ ಅಂಕ.

ಹಾಡುಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು. ನಮ್ಮ ಭಾಷೆಗಳಲ್ಲಿ ಇದು ಕಷ್ಟ, ಯಾಕೆಂದರೆ ನಮ್ಮ ಎಷ್ಟೋ ಆರ್‌ಆರ್‌ಗಳ ಬಂಡವಾಳವೇ ಹಾಡು. ಮೊದಲಾರ್ಧದಲ್ಲಿ ಹಿಟ್ ಆದ ಹಾಡಿನ ಟ್ಯೂನನ್ನು ದ್ವಿತೀಯಾರ್ಧದಲ್ಲಿ ಕೊಳಲಿನಲ್ಲಿ ನಿಧಾನಕ್ಕೆ ನುಡಿಸಿದರೆ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಆ ನೀರು ತರಿಸಿದ್ದು ಕೊಳಲಲ್ಲ. ಹಾಡಿನ ಸಾಹಿತ್ಯ ಮನಸ್ಸಿನಲ್ಲಿ ತಾನಾಗಿ ಓಡುತ್ತದೆ, ಪಲ್ಲವಿಯ ಎರಡು ಸಾಲು ನೆನಪಾಗುತ್ತದೆ, ಕೆಲಸ ಮುಗಿಯುತ್ತದೆ. ಕವಿಗೆ ಸಲ್ಲಬೇಕಾದ ಅಂಕ ಅದು. ಎರಡೂ ಬೇರೆ ಕಸುಬು ಎಂದು ರಾಷ್ಟ್ರಪ್ರಶಸ್ತಿಯವರೂ ಒಪ್ಪಿಕೊಂಡು 2009ರ ಸಿನಿಮಾಗಳಿಂದ ಹಾಡಿಗೊಂದು, ಹಿನ್ನೆಲೆ ಸಂಗೀತಕ್ಕೊಂದು ಪ್ರಶಸ್ತಿ ಮಾಡಿದರು. ಆ ವರ್ಷ ಹಿನ್ನೆಲೆಯದನ್ನು ಪಡೆದವರು ಇಳಯರಾಜ, ಮಲಯಾಳದ ‘ಪಳಸ್ಸಿ ರಾಜ’ಕ್ಕೆ. ಕನ್ನಡದಲ್ಲೂ ಕೆಲಸ ಹಂಚಿಕೆಯಾದದ್ದುಂಟು: 2015ರ ‘ರಂಗಿತರಂಗ’ದ ಹಾಡು ಅನೂಪ್ ಭಂಡಾರಿಯವು, ಹಿನ್ನೆಲೆ ಅಜನೀಶ್ ಲೋಕನಾಥ್ ಅವರದ್ದು.

ಇನ್ನೊಂದು ಮಾತು, ತಾಳದ ಲೆಕ್ಕ. ಇದು ತಿಳಿದಿದ್ದರೆ ಸಂಗೀತ ಚಿತ್ರಕ್ಕೆ ಯಾಕೆ ಅಂಟಿತು, ಯಾಕೆ ಜಾರಿತು ಎಂದು ಬೆರಳಿಟ್ಟು ತೋರಿಸಬಹುದು. ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1440. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ 12 ಫ್ರೇಮ್ ಇದ್ದರೆ ನಿಮಿಷಕ್ಕೆ 120 ಪೆಟ್ಟು, 16 ಫ್ರೇಮ್ ಇದ್ದರೆ 90. ಈಗ ದೃಶ್ಯ ಶುರುವಾಗಿ ಹದಿನೇಳೂವರೆ ಸೆಕೆಂಡಿಗೆ ಬಾಗಿಲು ದಡಾರನೆ ಬಡಿಯುತ್ತದೆ ಎಂದಿಟ್ಟುಕೊಳ್ಳಿ. ಅದು 420ನೇ ಫ್ರೇಮ್. 16 ಫ್ರೇಮಿನ ನಡೆಯಲ್ಲಿ ಅಲ್ಲಿಗೆ ಇಪ್ಪತ್ತಾರೂಕಾಲು ಪೆಟ್ಟು, ಬಾಗಿಲು ತಾಳದ ಸಂದಿಗೆ ಬಿತ್ತು. 12 ಫ್ರೇಮಿನ ನಡೆಯಲ್ಲಿ ಸರಿಯಾಗಿ 35 ಪೆಟ್ಟು ಕಳೆದಿರುತ್ತದೆ, ಬಾಗಿಲು 36ನೆಯದರ ಮೇಲೆ. ತಾಳಕ್ಕೆ ಬಿತ್ತು, ಆದರೆ ಎಂಟು ಎಣಿಕೆಯ ಆದಿತಾಳ ಹಾಕುವವರ ಕೈಯಲ್ಲಿ ಅದು ಐದನೇ ಆವರ್ತದ ನಾಲ್ಕನೇ ಎಣಿಕೆ, ಸಮವಲ್ಲ, ಅಂದರೆ ಆವರ್ತದ ಮೊದಲ ಪೆಟ್ಟಲ್ಲ. ನಾಲ್ಕು ಆವರ್ತ ಮುಗಿದು ಸಮದ ಮೇಲೇ ಬಾಗಿಲು ಬಡಿಯಬೇಕಾದರೆ 420ನ್ನು 32ರಿಂದ ಭಾಗಿಸಿ: ಪೆಟ್ಟಿಗೆ ಹದಿಮೂರೂ ಒಂದೆಂಟಾಂಶ ಫ್ರೇಮ್, ನಿಮಿಷಕ್ಕೆ ಹೆಚ್ಚುಕಡಿಮೆ 110 ಪೆಟ್ಟು. ಕಂಪ್ಯೂಟರ್ ಬರುವ ಮುಂಚೆ ಹಾಲಿವುಡ್‌ನವರು ಬಳಸುತ್ತಿದ್ದ ಕ್ಲಿಕ್ ಕೋಷ್ಟಕದ ಪುಸ್ತಕಗಳಲ್ಲಿ ಫ್ರೇಮನ್ನು ಎಂಟು ಭಾಗ ಮಾಡಿಟ್ಟದ್ದು ಇದಕ್ಕೇ.

ಈ ಲೆಕ್ಕ ಕೈಗೆ ಬಂದಮೇಲೆ ಒಂದು ಅಪಾಯವೂ ಇದೆ. ಪ್ರತಿ ಬಾಗಿಲಿಗೂ, ಪ್ರತಿ ತಿರುವಿಗೂ, ನಾಯಕನ ಪ್ರತಿ ಹೆಜ್ಜೆಗೂ ಪೆಟ್ಟು ಕೂರಿಸುವ ಚಟ. ಈಗಿನ ದೊಡ್ಡ ಬಜೆಟ್ ಕನ್ನಡ ಸಿನಿಮಾಗಳಲ್ಲಿ ನಾಯಕನನ್ನು ಎತ್ತಿ ಮೆರೆಸುವ, ಎಲಿವೇಶನ್ ಎಂದು ಕರೆಯುವ ದೃಶ್ಯಗಳನ್ನು ಗಮನಿಸಿ: ಕೋರಸ್ಸು, ಡ್ರಮ್ಮು, ಬ್ರಾಸು ಒಟ್ಟಿಗೆ ಎದ್ದು ನಿಲ್ಲುತ್ತವೆ. ಥಿಯೇಟರಿನಲ್ಲಿ ಮೈ ಜುಂ ಎನ್ನುತ್ತದೆ, ಅದು ಸುಳ್ಳಲ್ಲ. ಆದರೆ ಕಾಗದದ ಮೂರನೇ ಕಲಂ ಖಾಲಿ ಉಳಿಯುತ್ತದೆ, ಸಂಗೀತ ನಿಲ್ಲುವುದೇ ಇಲ್ಲ. ನಿಲ್ಲದಿದ್ದದ್ದು ಮತ್ತೆ ಶುರುವಾಗುವುದು ಹೇಗೆ? ಎರಡನೇ ಎಲಿವೇಶನ್ನಿಗೆ ಮೊದಲಿನದಕ್ಕಿಂತ ಜೋರು ಬೇಕು, ಮೂರನೆಯದಕ್ಕೆ ಇನ್ನೂ ಜೋರು. ‘ಕಾಂತಾರ’ದ ಕೊನೆಯಲ್ಲಿ ಅಷ್ಟೆಲ್ಲ ತಾಳವಾದ್ಯಗಳ ನಡುವೆಯೂ ಜನ ಮನೆಗೆ ಹೊತ್ತುಕೊಂಡು ಹೋದದ್ದು ದೈವದ ಆ ಒಂದೇ ‘ಓ’ ಎಂಬ ಕೂಗು. ಬರೀ ಗಂಟಲು.

ಸ್ಪರ್ಧೆಗೆ ಬರೋಣ. ಇಟಲಿಯ ಸಂಗೀತ ನಿರ್ದೇಶಕ ಎನ್ನಿಯೋ ಮೊರಿಕೋನೆಯನ್ನು ಮೊದಲೇ ಪಕ್ಕಕ್ಕಿಡುತ್ತೇನೆ. 1966ರ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ಯ ಆ ತೋಳದ ಕೂಗಿನಂಥ ಟ್ಯೂನು, ಪ ಸ ಪ ಸ ಪ, ಲೋಕಕ್ಕೇ ಬಾಯಿಪಾಠ. ಒಂದೇ ಟ್ಯೂನನ್ನು ಮೂವರಿಗೆ ಮೂರು ದನಿಯಲ್ಲಿ, ಕೊಳಲು, ಒಕರಿನಾ ಎಂಬ ಊದುವಾದ್ಯ, ಮನುಷ್ಯರ ಕಂಠ ಎಂದು ಹಂಚಿದ ಜಾಣ್ಮೆಗೆ ನಮಸ್ಕಾರ. ಆದರೆ ನಿರ್ದೇಶಕ ಸೆರ್ಜಿಯೋ ಲಿಯೋನೆ ಜೊತೆ ಅವರ ಕೆಲಸದ ರೀತಿಯೇ ಬೇರೆಯಾಗುತ್ತ ಹೋಯಿತು. 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಹೊತ್ತಿಗೆ ಸಂಗೀತ ಮೊದಲೇ ತಯಾರಾಗಿ, ಅದನ್ನು ಸೆಟ್‌ನಲ್ಲಿ ಹಾಕಿಕೊಂಡೇ ಚಿತ್ರೀಕರಣ ನಡೆಯಿತು. ಚಿತ್ರವೇ ಸಂಗೀತಕ್ಕೆ ಹೊಂದಿಕೊಂಡು ನಡೆದಾಗ ನನ್ನ ಪ್ರಶ್ನೆ ಅಲ್ಲಿ ಅನ್ವಯಿಸುವುದಿಲ್ಲ.

‘ಜಾಸ್’. ಹಾರ್ಮೋನಿಯಂ ಇದ್ದರೆ ಎಡಗೈ ಕಡೆಯ ತಗ್ಗಿನ ಸಪ್ತಕದಲ್ಲಿ ಬಿಳಿ ಮೂರು, ಬಿಳಿ ನಾಲ್ಕು ಒತ್ತಿ ನೋಡಿ. ಷಡ್ಜ, ಶುದ್ಧ ರಿಷಭ, ಇಷ್ಟೇ. ಎರಡು ಸ್ವರದಲ್ಲಿ ಏನು ಮಹಾ ಎಂದು ಕೇಳುವವರಿದ್ದಾರೆ. ಮಹಿಮೆ ಸ್ವರದಲ್ಲಿಲ್ಲ, ಸಂಗೀತ ಪಾಲಿಸಿದ ನಿಯಮದಲ್ಲಿದೆ. ಶಾರ್ಕ್ ನಿಜವಾಗಿ ಇದ್ದಾಗ ಮಾತ್ರ ಆ ಎರಡು ಸ್ವರ. ಕಡಲ ತೀರದಲ್ಲಿ ಜನ ಈಜುತ್ತಿದ್ದಾರೆ, ಪೊಲೀಸ್ ಅಧಿಕಾರಿಗೆ ಕಪ್ಪು ಕಂಡದ್ದೆಲ್ಲ ಶಾರ್ಕ್ ಅನ್ನಿಸುತ್ತಿದೆ. ಮುದುಕನೊಬ್ಬನ ಈಜುಟೋಪಿ ಕಂಡಾಗ ಸಂಗೀತವಿಲ್ಲ. ಹುಡುಗಿಯೊಬ್ಬಳು ಕಿರುಚಿದಾಗಲೂ ಇಲ್ಲ. ಕ್ಯಾಮೆರಾ ನೀರೊಳಗೆ ಇಳಿದು ಕೆಳಗಿನಿಂದ ಹುಡುಗನ ಕಾಲು ನೋಡಿದಾಗ ಶುರುವಾಗುತ್ತದೆ. ಮುಂದೆ ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುವಾಗ ತೀರವೆಲ್ಲ ಚೆಲ್ಲಾಪಿಲ್ಲಿ, ಸಂಗೀತ ಮಾತ್ರ ಮೌನ. ಕಿವಿ ಚುರುಕಿದ್ದವರಿಗೆ ಇದು ಸುಳ್ಳು ಶಾರ್ಕ್ ಎಂದು ಆಗಲೇ ಗೊತ್ತಾಗಿಬಿಡುತ್ತದೆ. ಹೀಗೆ ನಮಗೆ ಸಂಗೀತದ ಮೇಲೆ ನಂಬಿಕೆ ಹುಟ್ಟಿಸಿ, ದೋಣಿಯ ಹಿಂದೆ ನೀರಿಗೆ ಮಾಂಸದ ಚೂರು ಎಸೆಯುವ ದೃಶ್ಯದಲ್ಲಿ ಒಂದೇ ಒಂದು ಸ್ವರವೂ ಇಲ್ಲದೆ ಶಾರ್ಕಿನ ತಲೆ ಎದ್ದು ಬರುತ್ತದೆ. ಅಷ್ಟು ಹೊತ್ತು ಕಾಪಾಡಿದ ನಿಯಮ ಮುರಿಯಲಿಕ್ಕೇ ಇತ್ತು. ಯಂತ್ರದ ಶಾರ್ಕ್ ಪದೇ ಪದೇ ಕೆಟ್ಟು ಚಿತ್ರೀಕರಣ ನಿಲ್ಲುತ್ತಿದ್ದ ಸಿನಿಮಾ ಅದು. ಕಾಣದ ಶಾರ್ಕಿಗೆ ಮೈ ಕೊಟ್ಟದ್ದು ಸಂಗೀತ. ನನ್ನ ಪಟ್ಟಿಯಲ್ಲಿ ಮೂರನೆಯದು. ಯಾಕೆ ಮೂರು ಅಂದರೆ, ಶಾರ್ಕಿನಾಚೆಗೆ, ದ್ವಿತೀಯಾರ್ಧದ ಸಮುದ್ರಯಾನದಲ್ಲಿ ಕೇಳುವ ಹುರುಪಿನ ಸಂಗೀತ ಚೆನ್ನಾಗಿದ್ದರೂ ಪರದೆಯ ಮೇಲಿರುವ ಹುರುಪನ್ನೇ ಮತ್ತೆ ಹೇಳುತ್ತದೆ.

ಕನ್ನಡದಿಂದ ಸ್ಪರ್ಧೆಗೆ ಇಳಿಸುವುದಾದರೆ ಹೆಚ್ಚಿನವರು ಮೊದಲು ಹೇಳುವುದು 1983ರ ‘ಪಲ್ಲವಿ ಅನುಪಲ್ಲವಿ’. ಮಣಿರತ್ನಂ ಅವರ ಮೊದಲ ಸಿನಿಮಾ, ಇಳಯರಾಜರ ಸಂಗೀತ. ಅದರ ಥೀಮ್ ಎಷ್ಟು ಗಟ್ಟಿಯೆಂದರೆ ಎಷ್ಟೋ ವರ್ಷದ ಮೇಲೆ ಐಡಿಯಾ ಮೊಬೈಲ್ ಜಾಹೀರಾತಿಗೆ ಹೋಗಿ, ಸಿನಿಮಾದ ಹೆಸರೇ ಕೇಳದ ಉತ್ತರದ ಜನರ ಬಾಯಲ್ಲೂ ಗುನುಗಿತು. ಟ್ಯೂನ್ ಎಂದು ಸ್ಪರ್ಧೆ ಇಟ್ಟರೆ ಇದಕ್ಕೇ ನನ್ನ ಮೊದಲ ಸ್ಥಾನ. ಹಿನ್ನೆಲೆ ಸಂಗೀತ ಎಂದಾಗ ಅದೇ ಜಾಹೀರಾತು ಇದರ ವಿರುದ್ಧ ಸಾಕ್ಷಿ ಹೇಳುತ್ತದೆ. ಸಿನಿಮಾದಿಂದ ಕಿತ್ತು ಎಲ್ಲಿ ನೆಟ್ಟರೂ ಚಿಗುರುವ ಟ್ಯೂನು ಆ ಸಿನಿಮಾದ ಮಣ್ಣಿಗೆ ಅಷ್ಟು ಆಳವಾಗಿ ಬೇರು ಬಿಟ್ಟಿರಲಿಲ್ಲ. ಇಳಯರಾಜ ಅಭಿಮಾನಿಗಳಿಗೆ ಇದು ಹಿಡಿಸುವುದಿಲ್ಲ, ಆದರೂ ಇದು ನನ್ನ ಖಚಿತ ಅಭಿಪ್ರಾಯ.

ಅದಕ್ಕಿಂತ ಮೇಲೆ ನಾನಿಡುವುದು ಬಿ.ವಿ. ಕಾರಂತರನ್ನು. 1976ರ ‘ಋಷ್ಯಶೃಂಗ’, 1977ರ ‘ಘಟಶ್ರಾದ್ಧ’, ಎರಡಕ್ಕೂ ಬೆನ್ನುಬೆನ್ನಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದವರು. ಆದರೆ ಇಲ್ಲಿ ನನಗೆ ಬೇಕಾದದ್ದು ಅವರೇ ನಿರ್ದೇಶಿಸಿದ 1975ರ ‘ಚೋಮನ ದುಡಿ’. ಅಲ್ಲಿ ದುಡಿ ಎಂಬ ಚರ್ಮವಾದ್ಯ ಕಥೆಯೊಳಗಿನದೇ. ಚೋಮನ ಕೈಯಲ್ಲಿರುತ್ತದೆ, ಸಿಟ್ಟಿಗೂ ಅದೇ, ಸಂಕಟಕ್ಕೂ ಅದೇ. ಇದು ಹಿನ್ನೆಲೆ ಸಂಗೀತವೇ ಅಲ್ಲ, ಮುನ್ನೆಲೆಯದು, ಇದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ವಾದಿಸುವವರಿದ್ದಾರೆ. ನಾನು ಹಿಡಿಯುತ್ತೇನೆ. ಹೊಲವಿಲ್ಲದ, ಕೇಳಿದರೂ ಹೊಲ ಸಿಗದ ಮನುಷ್ಯನಿಗೆ ಮಾತಾಡಲು ಜಾಗ ಎಲ್ಲೂ ಇಲ್ಲ. ಮಾತಾಡುವುದು ದುಡಿ. ಕೊನೆಗೆ ಬಾಗಿಲು ಹಾಕಿಕೊಂಡು ಬಡಿಯುತ್ತಲೇ ಅವನ ಉಸಿರು ನಿಲ್ಲುವಾಗ, ಸಾವನ್ನು ತಿಳಿಸುವುದು ದುಡಿ ನಿಂತದ್ದು. ನಾಲ್ಕನೇ ಕಲಂನಲ್ಲಿ ಬರೆಯಲು ಏನೂ ಇಲ್ಲ, ಆ ಖಾಲಿಯೇ ಅಲ್ಲಿಯ ಸಂಗೀತ. ಒಂದೇ ವಾದ್ಯದ ಮೇಲೆ ಇಡೀ ಸಿನಿಮಾ ನಿಂತಿದೆ, ಬೇರೆ ಬಣ್ಣಗಳಿಗೆ ಜಾಗ ಕಡಿಮೆ ಎಂಬ ಒಂದೇ ಕಾರಣಕ್ಕೆ ನಾಲ್ಕನೆಯ ಸ್ಥಾನ.

ಉಳಿದವು ಎರಡು. ಇಲ್ಲಿ ಒಂದು ಸೋಜಿಗ ಇದೆ. ಅದನ್ನು ಹಾರ್ಮೋನಿಯಂ ಮೇಲೇ ತೋರಿಸಬೇಕು.

ಬಿಳಿ ಒಂದನ್ನು ಷಡ್ಜ ಮಾಡಿಕೊಳ್ಳಿ. ಈಗ ಬಿಳಿ ಒಂದು, ಕಪ್ಪು ಎರಡು, ಬಿಳಿ ಐದು, ಬಿಳಿ ಏಳು, ನಾಲ್ಕನ್ನೂ ಒಟ್ಟಿಗೆ ಒತ್ತಿ. ಸ, ಸಾಧಾರಣ ಗಾಂಧಾರ, ಪ, ಕಾಕಲಿ ನಿಷಾದ. ‘ಸೈಕೋ’ ಸಂಗೀತದ ಬೆನ್ನೆಲುಬು ಈ ಜಾತಿಯ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು. ಟೈಟಲ್ ಶುರುವಾಗುವುದೇ ಇದರಿಂದ. ಕಿವಿಗೆ ಯಾಕೆ ನೆಮ್ಮದಿ ಇಲ್ಲ ಎನ್ನುವುದೂ ಮನೆಗಳ ಲೆಕ್ಕದಲ್ಲೇ ಇದೆ. ಗ-ದಿಂದ ಪ-ಗೆ ನಾಲ್ಕು ಸ್ವರಸ್ಥಾನ, ಪ-ದಿಂದ ನಿ-ಗೂ ನಾಲ್ಕು. ಸಮ ಅಂತರದ ಈ ಮೂರು ಸ್ವರದಲ್ಲಿ ಯಾವುದು ನಿಲ್ದಾಣ, ಯಾವುದು ದಾರಿ ಎಂದು ಕಿವಿಗೆ ತಿಳಿಯುವುದಿಲ್ಲ. ಮೇಲಾಗಿ ನಿಷಾದ ಷಡ್ಜಕ್ಕೆ ಒಂದೇ ಮನೆ ಕೆಳಗೆ ನಿಂತು ಹೋಗಿ ಸೇರಲು ಹಾತೊರೆಯುತ್ತದೆ, ಷಡ್ಜವೂ ಅಲ್ಲೇ ಮೊಳಗುತ್ತಿರುವುದರಿಂದ ಎರಡೂ ತಿಕ್ಕಾಡುತ್ತವೆ.

ಈಗ ಅದೇ ನಾಲ್ಕು ಸ್ವರಗಳನ್ನು ಒಟ್ಟಿಗೆ ಅಲ್ಲ, ಒಂದಾದ ಮೇಲೊಂದು ಎಳೆದು ನುಡಿಸಿ, ನಡುವೆ ಶುದ್ಧ ಮಧ್ಯಮ ಮುಟ್ಟಿ, ನಿಷಾದದ ಮೇಲೆ ನಿಂತು ತಾರಷಡ್ಜಕ್ಕೆ ಹೋಗಿ. ಪಟದೀಪ್ ರಾಗದ ಆರೋಹ ಬಂತು. ಹಿಂದುಸ್ತಾನಿಯ ಪಟದೀಪ್, ನಮ್ಮ ಮೇಳಕರ್ತದ ಲೆಕ್ಕದಲ್ಲಿ ಗೌರಿಮನೋಹರಿಯ ಸ್ವರಗಳು. 1955ರ ‘ಪಥೇರ್ ಪಾಂಚಾಲಿ’ಯಲ್ಲಿ ಮಗಳು ದುರ್ಗಾ ಸತ್ತ ಸುದ್ದಿ ಅಪ್ಪನಿಗೆ ತಿಳಿಯುವ ದೃಶ್ಯಕ್ಕೆ ರವಿಶಂಕರ್ ಆರಿಸಿದ್ದು ಇದೇ ರಾಗ. ಬಂಗಾಳದ ಹಳ್ಳಿಯ ತಾಯಿಯೊಬ್ಬಳ ಸಂಕಟಕ್ಕೂ ಅಮೆರಿಕದ ಹೆದ್ದಾರಿಯ ದಿಗಿಲಿಗೂ ಐದು ವರ್ಷದ ಅಂತರದಲ್ಲಿ ಇಬ್ಬರು ಕೈಹಾಕಿದ್ದು ಒಂದೇ ನಾಲ್ಕು ಸ್ವರಕ್ಕೆ. ಒಬ್ಬರು ಪೇರಿಸಿದರು, ಒಬ್ಬರು ಹರಿಸಿದರು.

ಆ ದೃಶ್ಯವನ್ನು ಹತ್ತಿರದಿಂದ ನೋಡಿ. ಎಷ್ಟೋ ದಿನದ ಮೇಲೆ ಮನೆಗೆ ಬಂದ ಅಪ್ಪ ಹರಿಹರ ತಂದ ಸಾಮಾನನ್ನು ಒಂದೊಂದಾಗಿ ತೋರಿಸುತ್ತಾನೆ. ತಾಯಿ ಸರ್ಬಜಯಾ ಮಾತಾಡುವುದಿಲ್ಲ. ಮಗಳಿಗೆಂದು ತಂದ ಸೀರೆ ಕೈಗಿಟ್ಟಾಗ ಅವಳ ಬಾಯಿ ತೆರೆಯುತ್ತದೆ, ಅಳು ಕೇಳುವುದಿಲ್ಲ. ಆ ಜಾಗದಲ್ಲಿ ತಾರ್ ಶಹನಾಯಿ ತಾರಸ್ಥಾಯಿಯಲ್ಲಿ ಏಳುತ್ತದೆ. ಹೆಸರು ಶಹನಾಯಿಯಾದರೂ ಇದು ಊದುವ ವಾದ್ಯವಲ್ಲ. ಕಮಾನಿನಿಂದ ನುಡಿಸುವ ಎಸ್ರಾಜಿಗೆ ಹಳೆಯ ಗ್ರಾಮಫೋನಿನ ಹಾಗೆ ಕಂಪನ ಹಿಡಿಯುವ ಸಣ್ಣ ಪೆಟ್ಟಿಗೆ, ಅದಕ್ಕೊಂದು ಲೋಹದ ತುತ್ತೂರಿ ಕೂರಿಸಿದ್ದು. ಸ್ವರದಿಂದ ಸ್ವರಕ್ಕೆ ಜಾರುವ ತಂತಿಯ ಮೀಂಡೂ ಬೇಕು, ಗಂಟಲು ಹರಿಯುವ ಕರ್ಕಶವೂ ಬೇಕು ಎಂದಾಗ ಇದಕ್ಕಿಂತ ಸರಿಯಾದ ವಾದ್ಯ ಸಿಗುತ್ತಿರಲಿಲ್ಲ. ಪಿಟೀಲಾಗಿದ್ದರೆ ದೃಶ್ಯ ನಯವಾಗಿಬಿಡುತ್ತಿತ್ತು, ನಿಜವಾದ ಶಹನಾಯಿಯಾಗಿದ್ದರೆ ಮದುವೆ ನೆನಪಾಗುತ್ತಿತ್ತು. ನುಡಿಸಿದವರು ದಕ್ಷಿಣಾ ಮೋಹನ್ ಟಾಗೋರ್.

ಸಂಗೀತದ ಬಹುಭಾಗ ತಯಾರಾದದ್ದು ಸುಮಾರು 11 ಗಂಟೆಯ ಒಂದೇ ರಾತ್ರಿಯ ಕೂಟದಲ್ಲಿ. ರವಿಶಂಕರ್ ಆಗ ನೋಡಿದ್ದದ್ದು ಅರ್ಧ ಸಿನಿಮಾದಷ್ಟು, ಅದೂ ಕಚ್ಚಾ ಸಂಕಲನದಲ್ಲಿ. ಕೊಳಲಿನ ಮುಖ್ಯ ಟ್ಯೂನು, ಮಳೆಯ ದೇಶ್ ರಾಗ, ತೋಡಿ ರಾಗದಲ್ಲೊಂದು ಸಿತಾರ್ ತುಣುಕು, ಎಲ್ಲ ಅಲ್ಲಿಯವು. ಕೆಲವು ಕಡೆ ಸಿತಾರ್ ಹಿಡಿದದ್ದು ಕ್ಯಾಮೆರಾಮನ್ ಸುಬ್ರತ ಮಿತ್ರ. ಈ ಅವಸರದ ಗುರುತು ಸಿನಿಮಾದಲ್ಲಿ ಉಳಿದಿದೆ. ಕೊಳಲಿನ ಟ್ಯೂನು ಪದೇ ಪದೇ ಬರುತ್ತದೆ, ಕೆಲವು ಸಲ ಅಲ್ಲಿ ಅದೇ ಬೇಕಿತ್ತು ಅನ್ನಿಸುವುದಿಲ್ಲ, ಕೈಯಲ್ಲಿದ್ದದ್ದನ್ನು ಬಳಸಿದ ಹಾಗಿದೆ. ಫ್ರೇಮ್ ಎಣಿಸಿ ಬರೆದ ಸಂಗೀತವಲ್ಲ ಇದು, ನುಡಿಸಿಟ್ಟುಕೊಂಡು ಆಮೇಲೆ ಕೂರಿಸಿದ್ದು. ಅಕ್ಕ ತಮ್ಮ ರೈಲು ನೋಡಲು ಕಾಶದ ಹುಲ್ಲಿನ ನಡುವೆ ಓಡುವ ಜಾಗದಲ್ಲಿ ಸಂಗೀತವನ್ನೇ ಬಿಟ್ಟು ತಂತಿಕಂಬದ ಗುಂಯ್ ಸದ್ದು ಇಟ್ಟ ಸತ್ಯಜಿತ್ ರಾಯ್ ಅವರ ಕಿವಿ ಮಾತ್ರ ಎಲ್ಲೂ ತಪ್ಪಿಲ್ಲ.

‘ಸೈಕೋ’ ಇದಕ್ಕೆ ತದ್ವಿರುದ್ಧ. ಆದಿಯಿಂದ ಅಂತ್ಯದವರೆಗೆ ಒಂದೇ ಮನೆತನದ ವಾದ್ಯ: ಪಿಟೀಲು, ವಯೋಲಾ, ಚೆಲ್ಲೊ, ಡಬಲ್ ಬೇಸ್. ಊದುವುದಿಲ್ಲ, ಬಡಿಯುವುದಿಲ್ಲ. ಕಪ್ಪುಬಿಳುಪು ಚಿತ್ರಕ್ಕೆ ಕಪ್ಪುಬಿಳುಪು ಸದ್ದು ಎನ್ನುವುದು ಹರ್ಮನ್ ಅವರ ಯೋಚನೆ. ಮೇಲಾಗಿ ಸ್ನಾನದ ಕೋಣೆಯ ಕೊಲೆಯೊಂದನ್ನು ಬಿಟ್ಟು ಉಳಿದೆಡೆಯೆಲ್ಲ ವಾದ್ಯದ ಕುದುರೆಗೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ, ಮ್ಯೂಟ್ ಹಾಕಿ ನುಡಿಸಲು ಬರೆದಿದ್ದಾರೆ. ಕುದುರೆಯ ಮೇಲೆ ಆ ಸಣ್ಣ ತುಂಡು ಕೂತರೆ ತಂತಿಯ ಕಂಪನ ಪೆಟ್ಟಿಗೆಗೆ ಪೂರ್ತಿ ಇಳಿಯುವುದಿಲ್ಲ, ಮೇಲಿನ ಹೊಳಪು ಹೋಗಿ ದನಿ ಬಾಯಿ ಮುಚ್ಚಿಸಿದ ಹಾಗಾಗುತ್ತದೆ. ಬಾಯಿ ಮುಚ್ಚಿಕೊಂಡ ಹುಡುಗನ ಕಥೆಗೆ ಮುಕ್ಕಾಲು ಗಂಟೆ ಬಾಯಿ ಮುಚ್ಚಿದ ತಂತಿ ಕೇಳಿಸಿ, ಸ್ನಾನದ ಕೋಣೆಯ ಪರದೆ ಸರಿದ ಕ್ಷಣ ಮ್ಯೂಟ್ ತೆಗೆಸಿಬಿಟ್ಟರು. ಅಲ್ಲಿ ಪಿಟೀಲಿನ ತಾರಸ್ಥಾಯಿಯ ಕಿರುಚು ನಮ್ಮನ್ನು ಹರಿಯುವುದು ಬರೀ ಸ್ವರದಿಂದಲ್ಲ, ಅಷ್ಟು ಹೊತ್ತು ಅಮುಕಿಟ್ಟ ಹೊಳಪು ಒಮ್ಮೆಗೇ ಹೊರಬಿದ್ದದ್ದರಿಂದ. ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದರು ನಿರ್ದೇಶಕ ಹಿಚ್‌ಕಾಕ್. ಹರ್ಮನ್ ಬರೆದು ಕೇಳಿಸಿದ ಮೇಲೆ ಮಾತು ಬದಲಿಸಿದರು. ಸಂಗೀತ ನಿಂತ ಮೇಲೆ ಏನು ಕೇಳುತ್ತದೆ ಎಂದು ಕಾಗದದಲ್ಲಿ ಬರೆದುಕೊಳ್ಳಿ: ನೀರು. ಬರೀ ನೀರು ಬೀಳುವ ಸದ್ದು, ಜಾಲರಿಯೊಳಗೆ ಇಳಿಯುವವರೆಗೆ.

ಆದರೆ ನನ್ನ ತೀರ್ಪು ನಿಂತಿರುವುದು ಆ ದೃಶ್ಯದ ಮೇಲಲ್ಲ, ಅದಕ್ಕಿಂತ ಮುಂಚಿನ ಕಾರಿನ ಪ್ರಯಾಣದ ಮೇಲೆ. ನಾಯಕಿ ಮೇರಿಯನ್ ಕ್ರೇನ್ 40,000 ಡಾಲರ್ ಎತ್ತಿಕೊಂಡು ಊರು ಬಿಟ್ಟಿದ್ದಾಳೆ. ಪರದೆಯ ಮೇಲೆ ಏನಿದೆ? ಸ್ಟೀರಿಂಗ್ ಹಿಡಿದ ಹೆಣ್ಣಿನ ಮುಖ, ಗಾಜಿನಾಚೆ ರಸ್ತೆ, ಮತ್ತೆ ಮುಖ. ಸದ್ದು ಆರಿಸಿ ನೋಡಿ. ಒಬ್ಬಳು ಕಾರು ಓಡಿಸುತ್ತಿದ್ದಾಳೆ, ಅಷ್ಟೇ. ಸದ್ದು ಹಾಕಿ. ಟೈಟಲ್‌ನಲ್ಲಿ ಕೇಳಿದ್ದ ಅದೇ ಓಟದ ಸಂಗೀತ ಮರಳಿ ಬಂದು, ಅವಳ ತಲೆಯೊಳಗೆ ಏನು ಓಡುತ್ತಿದೆಯೋ ಅದು ನಮ್ಮ ಎದೆಯಲ್ಲಿ ಓಡುತ್ತದೆ. ನಡುವೆ ಪೊಲೀಸಿನವನು ಕಾರಿನ ಗಾಜು ತಟ್ಟಿ ಮಾತಾಡಿಸುವಾಗ ಸಂಗೀತವಿಲ್ಲ, ಅವನು ಹಿಂಬಾಲಿಸತೊಡಗಿದಾಗ ಮತ್ತೆ ಬರುತ್ತದೆ, ಮಳೆಯಲ್ಲೂ ಬರುತ್ತದೆ. ಒಂದೇ ಸರಕು, ಪ್ರತಿ ಸಲ ಸ್ವಲ್ಪ ಹೆಚ್ಚು ಬಿಗಿ.

ಅಲ್ಲೇ ಇನ್ನೊಂದು ಪ್ರಯೋಗ ಮಾಡಬಹುದು. ಆ ಪ್ರಯಾಣದ ಎರಡು ನಿಮಿಷವನ್ನು ಸದ್ದಿಲ್ಲದೆ ಓಡಿಸಿ, ಫೋನಿನಲ್ಲಿ ‘ಪಲ್ಲವಿ ಅನುಪಲ್ಲವಿ’ಯ ಥೀಮ್ ಹಾಕಿ. ಮೇರಿಯನ್ ನಲ್ಲನನ್ನು ಕಾಣಲು ಹೊರಟ ಹೆಣ್ಣಾಗುತ್ತಾಳೆ. ಸುಳ್ಳೇನೂ ಅಲ್ಲ, ಕಥೆಯಲ್ಲಿ ಅವಳು ಹೊರಟಿರುವುದು ನಲ್ಲನ ಊರಿಗೇ. ಆ ಮುಖ ಎರಡಕ್ಕೂ ಒಪ್ಪುತ್ತದೆ, ದಿಗಿಲನ್ನು ಆರಿಸಿದ್ದು ಸಂಗೀತ. ಇದೇ ಪ್ರಯೋಗವನ್ನು ಸರ್ಬಜಯಾಳ ದೃಶ್ಯಕ್ಕೆ ಮಾಡಿ. ಬೇರೆ ಯಾವ ಸಂಗೀತ ಹಾಕಿದರೂ ಅವಳ ಮುಖ ಅದನ್ನು ತಳ್ಳಿಬಿಡುತ್ತದೆ. ಪಥೇರ್ ಪಾಂಚಾಲಿಯೇ ಮೇಲು ಎನ್ನುವವರ ಬಲವಾದ ಆಧಾರ ಇದು, ತಾರ್ ಶಹನಾಯಿ ಬಿಟ್ಟು ಅಲ್ಲಿ ಬೇರೆ ಯಾವುದೂ ಕೂರದು ಎನ್ನುತ್ತಾರೆ. ಹಾಗಾದರೆ ತಾರ್ ಶಹನಾಯಿಯನ್ನೂ ತೆಗೆದು ಪೂರ್ತಿ ಮೌನದಲ್ಲಿ ನೋಡಿ. ಆ ತೆರೆದ ಬಾಯಿ ಮೌನದಲ್ಲೂ ನಿಲ್ಲುತ್ತದೆ. ಮೇರಿಯನ್‌ಳ ಕಾರು ಮೌನದಲ್ಲಿ ಒಂದು ಮೈಲಿಯೂ ಮುಂದೆ ಹೋಗುವುದಿಲ್ಲ. ಮೊದಲ ಸ್ಥಾನ ‘ಸೈಕೋ’ಗೆ, ಕೂದಲೆಳೆಯಲ್ಲಿ ಎರಡನೆಯದು ‘ಪಥೇರ್ ಪಾಂಚಾಲಿ’ಗೆ.